ಹೆದರಿಕೆಯೇ ಇಲ್ಲದ ಹುಡುಗನಿಗೆ ಯುದ್ಧವಿಮಾನ ಕೊಡಬಹುದೇ?

ಪ್ರಶ್ನೆ: ನಮ್ಮದು ಹೊಸನಗರದ ಹತ್ತಿರ ಸಣ್ಣ ಅಡಿಕೆ ತೋಟ. ಮಗ ದ್ವಿತೀಯ ಪಿಯುಸಿ, ಸೈನ್ಸ್. ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆದಾಗಿನಿಂದ ಅವನ ತಲೆ ಪೂರ್ತಿ ಆಕಾಶದಲ್ಲೇ ಇದೆ. ಏರ್ ಫೋರ್ಸ್ ಸೇರಿ ಫೈಟರ್ ಪೈಲಟ್ ಆಗುತ್ತೇನೆ ಎನ್ನುತ್ತಾನೆ. ಅವನಿಗೆ ಹೆದರಿಕೆ ಅನ್ನುವುದೇ ಇಲ್ಲ, ಬೈಕನ್ನು ನೂರರ ಕೆಳಗೆ ಓಡಿಸುವುದೇ ಇಲ್ಲ. ಅವನ ಅಮ್ಮ ಮಾತ್ರ ಊಟ ಬಿಟ್ಟು ಕೂತಿದ್ದಾಳೆ. ಇಂಥ ಹುಡುಗನಿಗೆ ಆ ಕೆಲಸ ಹೊಂದುತ್ತದೆಯೇ? ಅಲ್ಲಿನ ಬದುಕು ನಿಜಕ್ಕೂ ಹೇಗಿರುತ್ತದೆ?
(ಒಬ್ಬ ಓದುಗರು, ಹೊಸನಗರ ತಾಲ್ಲೂಕು)

ಉತ್ತರ: ಮಾರಾಯ್ರೆ, ಮೊದಲು ಮನೆಯವರಿಗೆ ಊಟ ಮಾಡಲು ಹೇಳಿ. ಹುಡುಗ ಪರೀಕ್ಷೆ ಪಾಸಾಗಿ, ಇಂಟರ್‌ವ್ಯೂ ದಾಟಿ, ಡಾಕ್ಟರುಗಳ ಕೈಯಿಂದ ಪಾರಾಗಿ, ತರಬೇತಿ ಮುಗಿಸಿ ಫೈಟರ್ ಒಳಗೆ ಒಬ್ಬನೇ ಕೂರುವ ಹೊತ್ತಿಗೆ ಏನಿಲ್ಲವೆಂದರೂ ನಾಲ್ಕೈದು ಮಳೆಗಾಲ ಕಳೆದಿರುತ್ತದೆ. ಅಷ್ಟು ದಿನ ಉಪವಾಸ ಯಾರಿಂದಲೂ ಆಗದು.

ದ್ವಿತೀಯ ಪಿಯುಸಿ ಹುಡುಗನ ಹತ್ತಿರ ಬೈಕ್ ಲೈಸೆನ್ಸ್ ಇದೆಯೇ ಎಂದು ನಾನು ಕೇಳುವುದಿಲ್ಲ. ಆದರೆ "ಹೆದರಿಕೆ ಅನ್ನುವುದೇ ಇಲ್ಲ" ಎಂದು ನೀವು ಸರ್ಟಿಫಿಕೇಟ್ ಕೊಟ್ಟ ಹಾಗೆ ಬರೆದಿದ್ದೀರಲ್ಲ, ಅದರ ಬಗ್ಗೆ ಮಾತಾಡಲೇಬೇಕು. ನಾನು ಮಿಗ್-21 ಎಂಬ ಫೈಟರ್ ವಿಮಾನ ಹಾರಿಸಿ ನಿವೃತ್ತನಾಗಿ, ಈಗ ತೀರ್ಥಹಳ್ಳಿ ಕಡೆ ತೋಟದಲ್ಲಿ ಮಂಗಗಳ ವಿರುದ್ಧ ವಾಯುರಕ್ಷಣೆ ನೋಡಿಕೊಳ್ಳುತ್ತಿರುವವನು. ಮಂಗಗಳೇ ಗೆಲ್ಲುತ್ತಿವೆ, ಅದು ಬೇರೆ ವಿಷಯ. ಹೆದರಿಕೆ ಇಲ್ಲದವರನ್ನು ಏರ್ ಫೋರ್ಸ್ ಹುಡುಕುವುದಿಲ್ಲ. ಹೆದರಬೇಕಾದ ಕಡೆ ಸರಿಯಾಗಿ ಹೆದರಿ, ಹೆದರಿದ ಮೇಲೂ ಕೈಯಲ್ಲಿದ್ದ ಕೆಲಸ ಬಿಡದವರನ್ನು ಅದು ಹುಡುಕುತ್ತದೆ.

ನಿಮ್ಮ ತೋಟಕ್ಕೆ ಅಡಿಕೆ ಮರ ಹತ್ತಲು ಬರುವ ಕೊನೆಗಾರನನ್ನೇ ನೋಡಿ. ಹೊಸ ಹುಡುಗನಾದರೆ ಕೆಳಗೆ ಯಾರಾದರೂ ನೋಡುತ್ತಿದ್ದಾರೆ ಎಂದು ಗೊತ್ತಾದ ಕೂಡಲೇ ಒಂದು ಮರದಿಂದ ಇನ್ನೊಂದಕ್ಕೆ ಎರಡು ಪಟ್ಟು ಜೋರಾಗಿ ಜೀಕುತ್ತಾನೆ. ಹಳಬ ಬಂದರೆ ಕಾಲಿನ ಹಗ್ಗ ಎಳೆದು ನೋಡುತ್ತಾನೆ, ಮರದ ಪಾಚಿಯ ಮೇಲೆ ಹೆಬ್ಬೆರಳು ಉಜ್ಜುತ್ತಾನೆ, ಆಕಾಶ ನೋಡುತ್ತಾನೆ, ಕವಳ ಹಾಕಿಕೊಂಡು ಕಟ್ಟೆಯ ಮೇಲೆ ಕೂತು "ಇವತ್ತು ಬೇಡ" ಎನ್ನುತ್ತಾನೆ. ಕೊಳೆರೋಗ ಬರುವ ಕಾಲ, ಔಷಧಿ ಹೊಡೆಯುವುದು ಬಾಕಿ, ನಿಮಗೆ ಮೈಯೆಲ್ಲ ಉರಿ. ಆದರೆ ಮುಂದಿನ ವರ್ಷವೂ ನಿಮ್ಮ ತೋಟಕ್ಕೆ ಬರುವವನು ಅವನೇ. ಫೈಟರ್ ಸ್ಕ್ವಾಡ್ರನ್ನಿನಲ್ಲಿ ಕಲಿಯಲು ಅತಿ ಹೆಚ್ಚು ವರ್ಷ ಹಿಡಿಯುವ ವಿದ್ಯೆಯೂ ಇದೇ: ಇಪ್ಪತ್ತೈದು ವರ್ಷದ ಹುಡುಗ, ಪಕ್ಕದಲ್ಲಿ ಗೆಳೆಯರು, ಹೊರಗೆ ಕೋಟಿಗಟ್ಟಲೆ ಬೆಲೆಯ ವಿಮಾನ ಸಿದ್ಧವಾಗಿ ನಿಂತಿರುವಾಗ "ಇವತ್ತು ಬೇಡ" ಎನ್ನುವುದು.

ನಿಮ್ಮ ಮಗನ ನೂರರ ವೇಗದ ಬಗ್ಗೆಯೂ ಸ್ವಲ್ಪ ಲೆಕ್ಕ ಹಾಕೋಣ. ಗಂಟೆಗೆ 100 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಫೈಟರ್ ವಿಮಾನ ಅವಸರವಿಲ್ಲದೆ ಹೋಗುವಾಗಲೂ ಗಂಟೆಗೆ 900 ಕಿಲೋಮೀಟರ್ ಸಲೀಸು, ಅಂದರೆ ಸೆಕೆಂಡಿಗೆ 250 ಮೀಟರ್. ಜೋಗದ ಎತ್ತರ 253 ಮೀಟರ್. ರಾಜ ನೆತ್ತಿಯಿಂದ ಬುಡದವರೆಗೆ ಬೀಳುವ ದೂರವನ್ನು ನೀವು ಒಂದು ಸಲ ರೆಪ್ಪೆ ಬಡಿದು ತೆಗೆಯುವುದರಲ್ಲಿ ದಾಟಿರುತ್ತೀರಿ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ನಾಲ್ಕು ನಿಮಿಷ. ಬಸ್ಸಿನಲ್ಲಾದರೆ ಅಷ್ಟು ಹೊತ್ತಿಗೆ ಕಂಡಕ್ಟರ್ ಚಿಲ್ಲರೆ ಕೊಟ್ಟಿರುವುದಿಲ್ಲ. ಈ ವೇಗದಲ್ಲಿ ಕೂತು "ಈಗ ಏನು ಮಾಡಲಿ?" ಎಂದು ಯೋಚಿಸಲು ಸಮಯ ಇರುವುದಿಲ್ಲ. ಆದ್ದರಿಂದ ಯೋಚನೆಯೆಲ್ಲ ನೆಲದ ಮೇಲೆ, ಹಿಂದಿನ ಸಂಜೆಯೇ ಮುಗಿದಿರಬೇಕು. ಎಂಜಿನ್ ಆರಿದರೆ ಏನು, ರೇಡಿಯೋ ಸತ್ತರೆ ಏನು, ಜೊತೆಗಾರ ಕಣ್ಣಿಗೆ ಕಾಣದಿದ್ದರೆ ಏನು ಎಂಬುದೆಲ್ಲ ಬಾಯಿಪಾಠ. ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಬೇಕು, ನಿದ್ದೆಯಿಂದ ಎಬ್ಬಿಸಿ ಕೇಳಿದರೂ.

ಹಾಗಾಗಿ ಅಲ್ಲಿನ ಬದುಕು ಹೇಗಿರುತ್ತದೆ ಎಂಬುದಕ್ಕೆ ಪ್ರಾಮಾಣಿಕ ಉತ್ತರ ಕೇಳಿದರೆ, ಬಹಳ ಮಟ್ಟಿಗೆ ಕುರ್ಚಿಯ ಮೇಲೆ ಇರುತ್ತದೆ. ಬೆಳಕು ಹರಿಯುವ ಮೊದಲೇ ಹವಾಮಾನದವರ ವರದಿ. ಪಾಪ, ಅವರು ಹೇಳಿದ್ದು ನಿಜವಾದರೂ ಯಾರೂ ಹೊಗಳುವುದಿಲ್ಲ, ಸುಳ್ಳಾದರೆ ಇಡೀ ವರ್ಷ ಬಿಡುವುದಿಲ್ಲ. ಆಮೇಲೆ ಬ್ರೀಫಿಂಗ್: ಯಾರು ಎಲ್ಲಿ, ಎಷ್ಟು ಎತ್ತರದಲ್ಲಿ, ಎಷ್ಟು ಇಂಧನ ಉಳಿದಾಗ ವಾಪಸ್. ಆಮೇಲೆ ಮೈ ಒತ್ತಿ ಹಿಡಿಯುವ ಜಿ-ಸೂಟ್, ಹೆಲ್ಮೆಟ್, ಮಾಸ್ಕ್. ಆಮೇಲೆ ವಿಮಾನಕ್ಕೊಂದು ಪ್ರದಕ್ಷಿಣೆ. ಹಾರಾಟ ಮುಕ್ಕಾಲು ಗಂಟೆ, ಅದರ ಹಿಂದೆ ಮುಂದೆ ಸೇರಿ ನಾಲ್ಕೈದು ಗಂಟೆಯ ಮಾತು, ಕಾಗದ, ಚಹಾ.

ಆ ಪ್ರದಕ್ಷಿಣೆಯನ್ನು ಹತ್ತಿರದಿಂದ ನೋಡಬೇಕು. ಪೈಲಟ್ ವಿಮಾನದ ಮೂಗಿನಿಂದ ಶುರುಮಾಡಿ ಸುತ್ತ ಬರುತ್ತಾನೆ. ಗಾಳಿಯ ವೇಗ ಅಳೆಯುವ ಸಣ್ಣ ಕೊಳವೆಯ ಮೇಲಿನ ಮುಸುಕು ತೆಗೆದಿದ್ದಾರೆಯೇ? ಟೈರಿನಲ್ಲಿ ಗಾಯ? ಹೊಟ್ಟೆಯ ಕೆಳಗೆ ಹೈಡ್ರಾಲಿಕ್ ಎಣ್ಣೆಯ ಹನಿ? ಕೈಯಿಂದ ಮುಟ್ಟಿ, ಬೆರಳು ಮೂಸಿ ನೋಡುವುದೂ ಉಂಟು. ನಂತರ ಫಾರ್ಮ್ 700 ಎಂಬ ದಪ್ಪ ಪುಸ್ತಕಕ್ಕೆ ಸಹಿ. ಆ ವಿಮಾನಕ್ಕೆ ಏನೇನು ರಿಪೇರಿ ಆಗಿದೆ, ಯಾರು ಮಾಡಿದರು, ಯಾರು ಪರೀಕ್ಷಿಸಿದರು ಎಲ್ಲವೂ ಅದರಲ್ಲಿ. ಸಹಿ ಹಾಕಿದ ಕ್ಷಣದಿಂದ ವಿಮಾನ ನಿಮ್ಮದು, ಅದರ ಪಾಪಪುಣ್ಯವೂ ನಿಮ್ಮದು. ಒಳಗೆ ಕೂತ ಮೇಲೆ ಎಜೆಕ್ಷನ್ ಸೀಟಿನ (ಅಪಾಯದಲ್ಲಿ ಪೈಲಟ್‌ನನ್ನು ಹೊರಗೆ ಹಾರಿಸುವ ಸೀಟು) ಸೇಫ್ಟಿ ಪಿನ್ ತೆಗೆದು, ತೆಗೆದಿದ್ದು ಹೊರಗಿನ ಟೆಕ್ನಿಷಿಯನ್‌ಗೆ ಕಾಣಬೇಕು; ಅವನು ತಲೆಯಾಡಿಸಬೇಕು. ರಾಜಸ್ಥಾನದ ಬಿಸಿಲಿನಲ್ಲಿ ಕಾದ ಕಾಂಕ್ರೀಟಿನ ಮೇಲೆ ನಿಂತ ಆ ಕಾರ್ಪೊರಲ್ ಹುಡುಗನ ಫೋಟೋ ಯಾವ ಪೇಪರಿನಲ್ಲೂ ಬರುವುದಿಲ್ಲ. ಆದರೆ ಅವನು ಸ್ಪ್ಯಾನರ್ ಎಣಿಸಿ ಪೆಟ್ಟಿಗೆಗೆ ಹಾಕಿದ್ದರಿಂದ ನಾನು ಇವತ್ತು ಮಂಗ ಓಡಿಸುತ್ತಿದ್ದೇನೆ. ಎಂಜಿನ್ ಹತ್ತಿರ ಮರೆತ ಒಂದು ಸ್ಪ್ಯಾನರ್ ಸಾಕು, ಶತ್ರು ಬೇಕಾಗುವುದಿಲ್ಲ.

ಹಾರಾಟ ಮುಗಿದ ಮೇಲಿನ ಡೀಬ್ರೀಫಿಂಗ್ ಇನ್ನೂ ಸ್ವಾರಸ್ಯದ್ದು, ಮತ್ತು ನಮ್ಮ ಕಡೆಯ ಜನಕ್ಕೆ ಇದು ಭಾರಿ ಕಷ್ಟ. ಬಾಗಿಲು ಹಾಕಿದ ಮೇಲೆ ಹೆಗಲ ಮೇಲಿನ ಪಟ್ಟಿಗೆ ಬೆಲೆ ಇಲ್ಲ. ನಿನ್ನೆ ಮೊನ್ನೆ ಬಂದ ಫ್ಲೈಯಿಂಗ್ ಆಫೀಸರ್, "ಸರ್, ಮೂರನೇ ತಿರುವಿನಲ್ಲಿ ನೀವು ನನ್ನನ್ನು ಕಣ್ಣಿಂದ ಬಿಟ್ಟಿರಿ" ಎಂದು ವಿಂಗ್ ಕಮಾಂಡರ್ ಮುಖ ನೋಡಿ ಹೇಳಬಹುದು, ಹೇಳಲೇಬೇಕು. ರೆಕಾರ್ಡಿಂಗ್ ಇರುವುದರಿಂದ ವಾದಕ್ಕೆ ಜಾಗವೂ ಕಡಿಮೆ. ಪ್ರತಿಯೊಬ್ಬನೂ ತನ್ನ ತಪ್ಪಿನಿಂದಲೇ ಶುರುಮಾಡುತ್ತಾನೆ. ತಾನು ಹೇಳದಿದ್ದರೆ ಮುಂದಿನವನು ಹೇಳುತ್ತಾನಲ್ಲ. ದೊಡ್ಡವರ ಎದುರು ಬಾಯಿ ತೆಗೆಯಬಾರದು ಎಂದು ಬೆಳೆಸಿದ ಮಲೆನಾಡಿನ ಹುಡುಗರಿಗೆ ಇದು ವಿಮಾನ ಇಳಿಸುವುದಕ್ಕಿಂತ ನಿಧಾನಕ್ಕೆ ಬರುತ್ತದೆ. ಬಂದ ಮೇಲೆ ಇನ್ನೊಂದು ಅಪಾಯ: ರಜೆಗೆ ಊರಿಗೆ ಬಂದಾಗ ಚಿಕ್ಕಪ್ಪಂದಿರ ಎದುರೂ ಅದೇ ಧಾಟಿಯಲ್ಲಿ ಶುರುಮಾಡುತ್ತಾರೆ.

ಡೀಬ್ರೀಫಿಂಗ್ ಪೂರ್ತಿ ಕೈಯಲ್ಲೇ ನಡೆಯುತ್ತದೆ. ಬಲಗೈ ನನ್ನ ವಿಮಾನ, ಎಡಗೈ ನಿನ್ನದು. ಪೈಲಟ್‌ನ ಕೈ ಕಟ್ಟಿಹಾಕಿದರೆ ಮೂಕನಾಗುತ್ತಾನೆ ಎನ್ನುವುದು ತಮಾಷೆಯಲ್ಲ. ನಮ್ಮ ಕಡೆ ಮದುವೆ ಮನೆಯ ಪಂಕ್ತಿಯಲ್ಲಿ ಯಾರೋ "ಡಾಗ್‌ಫೈಟ್ ಅಂದರೆ ಏನು?" ಎಂದು ಕೇಳಿದರು. ನನ್ನ ಎಡಗೈ ಪಕ್ಕದವರ ಎಲೆಯ ಮೇಲೆ ಶತ್ರುವಾಗಿ ತಿರುಗುತ್ತಿದ್ದಾಗ ಬಲಗೈ ಅದರ ಬಾಲ ಹಿಡಿಯಲು ಹೊರಟಿತ್ತು. ಪಾಯಸದವರು ಎರಡು ಸಲ ಬಗ್ಗಿ, ಎರಡು ಸಲವೂ ಸೌಟು ಹಿಂದಕ್ಕೆ ಎಳೆದುಕೊಂಡು, ಮುಂದಿನ ಎಲೆಗೆ ಹೋದರು. ಪಾಯಸ ತಪ್ಪಿದ್ದು ಹೆಂಡತಿಗೆ ನೆನಪಿದೆ, ಡಾಗ್‌ಫೈಟ್ ಯಾರಿಗೂ ಅರ್ಥವಾಗಲಿಲ್ಲ.

ಇನ್ನು ದೇಹದ ಪಾಡು. ವಿಮಾನ ಜೋರಾಗಿ ತಿರುಗಿದಾಗ ನಿಮ್ಮ ತೂಕ ಏರುತ್ತದೆ. ಇದನ್ನು ಜಿ ಎನ್ನುತ್ತಾರೆ. 9 ಜಿ ಅಂದರೆ 70 ಕಿಲೋ ಮನುಷ್ಯ 630 ಕಿಲೋ ಆದ ಹಾಗೆ. ಒಂದೂವರೆ ಕಿಲೋ ಹೆಲ್ಮೆಟ್ ಹದಿಮೂರೂವರೆ ಕಿಲೋ, ಅದೂ ಹಿಂದೆ ತಿರುಗಿ ಶತ್ರುವನ್ನು ಹುಡುಕುತ್ತಿರುವ ಕುತ್ತಿಗೆಯ ಮೇಲೆ. ಫೈಟರ್ ಪೈಲಟ್‌ಗಳು ಮುದುಕರಾದ ಮೇಲೆ ಸೇರಿದರೆ ಯುದ್ಧದ ಕತೆ ಹತ್ತು ನಿಮಿಷ, ಕುತ್ತಿಗೆ ಮತ್ತು ಸೊಂಟದ ಕತೆ ಎರಡು ಗಂಟೆ. ರಕ್ತವೂ ತೂಕವಾಗಿ ಕಾಲಿಗೆ ಇಳಿಯುತ್ತದೆ, ತಲೆಗೆ ಹತ್ತುವುದಿಲ್ಲ. ಮೊದಲು ಬಣ್ಣ ಮಾಸುತ್ತದೆ, ಆಮೇಲೆ ಅಂಚಿನಿಂದ ನೋಟ ಮುಚ್ಚುತ್ತಾ ಬಂದು ನಡುವೆ ಒಂದು ಸಣ್ಣ ಕಿಂಡಿ ಉಳಿಯುತ್ತದೆ, ಆಮೇಲೆ ಕಪ್ಪು, ಅದಕ್ಕೂ ಮೀರಿದರೆ ಪ್ರಜ್ಞೆಯೇ ಇಲ್ಲ. ಪ್ರಜ್ಞೆ ತಪ್ಪಿದವನು ಹದಿನೈದು ಸೆಕೆಂಡು ಹಾಗೇ ಇದ್ದರೆ ವಿಮಾನ ಯಜಮಾನನಿಲ್ಲದೆ ನಾಲ್ಕು ಕಿಲೋಮೀಟರ್ ಹತ್ತಿರ ಹೋಗಿರುತ್ತದೆ. ಎದ್ದ ಮೇಲೂ ತಾನು ಯಾರು, ಎಲ್ಲಿದ್ದೇನೆ ಎಂದು ತಿಳಿಯಲು ಇನ್ನಷ್ಟು ಸೆಕೆಂಡು ಬೇಕು.

ಇದಕ್ಕೆ ಪರಿಹಾರ ನೋಡಲು ಅಷ್ಟೇನೂ ಚೆಂದವಿಲ್ಲ. ಜಿ-ಸೂಟಿನ ಚೀಲಗಳು ಗಾಳಿ ತುಂಬಿಕೊಂಡು ಹೊಟ್ಟೆ, ತೊಡೆ, ಮೀನಖಂಡ ಒತ್ತುತ್ತವೆ. ಪೈಲಟ್ ತಾನೂ ಕಾಲು, ಹೊಟ್ಟೆ ಬಿಗಿಹಿಡಿದು, ಉಸಿರು ಕಟ್ಟಿ, ಸುಮಾರು ಮೂರು ಸೆಕೆಂಡಿಗೊಮ್ಮೆ ಚಕ್ಕನೆ ಉಸಿರು ಬದಲಿಸಬೇಕು. ಸಿನಿಮಾದಲ್ಲಿ ಹೀರೋ ತಿರುವಿನ ನಡುವೆ ಪಂಚ್ ಡೈಲಾಗ್ ಹೊಡೆಯುತ್ತಾನೆ. ನಿಜವಾದ ಧ್ವನಿಮುದ್ರಣ ಕೇಳಿದರೆ ಮಲಬದ್ಧತೆಯ ರೋಗಿಯ ಬೆಳಗಿನ ಸಂಕಟ ಕೇಳಿಸುತ್ತದೆ. ಇದನ್ನು ಕಲಿಸುವ ದೊಡ್ಡ ಗಿರಗಿರ ಯಂತ್ರ, ಸೆಂಟ್ರಿಫ್ಯೂಜ್, ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿದೆ. ಹೆದರಿಕೆ ಇಲ್ಲದವರನ್ನೂ ಅದು ಮೊದಲ ಸುತ್ತಿನಲ್ಲೇ ಭಕ್ತರನ್ನಾಗಿ ಮಾಡುತ್ತದೆ.

ನೆಗಡಿಯ ವಿಷಯ ಮನೆಯವರಿಗೆ ಓದಿ ಹೇಳಿ, ಅವರಿಗೆ ಸಮಾಧಾನವಾಗಬಹುದು. ಮೂಗು ಕಟ್ಟಿದ ಪೈಲಟ್ ಹಾರುವಂತಿಲ್ಲ. ಎತ್ತರದಿಂದ ಸರ್ರನೆ ಇಳಿಯುವಾಗ ಕಿವಿ ಮತ್ತು ಹಣೆಯ ಸೈನಸ್ ಒಳಗೆ ಗಾಳಿಯ ಒತ್ತಡ ಸಮವಾಗದಿದ್ದರೆ ಬರುವ ನೋವಿಗೆ ಗಟ್ಟಿಗರೂ ಕಣ್ಣೀರು ಹಾಕುತ್ತಾರೆ. ಆದ್ದರಿಂದ ಸ್ಕ್ವಾಡ್ರನ್ ಡಾಕ್ಟರ್ ಒಂದು ಸೀನು ಕೇಳಿದರೂ ಸಾಕು, ಹೆಸರು ಬೋರ್ಡಿನಿಂದ ಅಳಿಸುತ್ತಾರೆ. ತಾನೇ ಮಾತ್ರೆ ತಗೊಂಡು ಹಾರುವುದು ಅಪರಾಧ. ನಿದ್ದೆ ಬರಿಸುವ ಶೀತದ ಮಾತ್ರೆಯಂತೂ ದೂರದ ಮಾತು. ದೇಶದ ಗಡಿ ಕಾಯುವ ಶೂರ, ಒಣಶುಂಠಿ ಕಾಳುಮೆಣಸಿನ ಕಷಾಯ ಹಿಡಿದುಕೊಂಡು ಕ್ರೂ ರೂಮಿನ ಮೂಲೆಯಲ್ಲಿ ಕೂರುವ ದೃಶ್ಯ ನಾನು ಬೇಕಾದಷ್ಟು ನೋಡಿದ್ದೇನೆ.

ಮೋಡದೊಳಗೆ ಹೊಕ್ಕಾಗಿನ ಮೋಸ ಇನ್ನೊಂದು ರೀತಿಯದು. ಒಳಕಿವಿಯಲ್ಲಿ ಸಮತೋಲನಕ್ಕೆಂದು ಇರುವ ಅರ್ಧವೃತ್ತದ ನಾಳಗಳಲ್ಲಿ ದ್ರವ ಇರುತ್ತದೆ. ವಿಮಾನ ನಿಧಾನಕ್ಕೆ, ಒಂದೇ ಸಮನೆ ವಾಲಿಕೊಂಡು ತಿರುಗುತ್ತಿದ್ದರೆ ಸ್ವಲ್ಪ ಹೊತ್ತಿಗೆ ಆ ದ್ರವ ವಿಮಾನದ ಜೊತೆಗೇ ಹೊಂದಿಕೊಂಡು "ನೇರ ಹೋಗುತ್ತಿದ್ದೇವೆ" ಎಂದು ವರದಿ ಕೊಡುತ್ತದೆ. ನೀವು ನಿಜವಾಗಿ ನೇರ ಮಾಡಿದ ಕೂಡಲೇ "ಅಯ್ಯೋ, ಆ ಕಡೆ ವಾಲಿತು" ಎಂದು ಕೂಗುತ್ತದೆ. ಹೊರಗೆ ಬಿಳಿ ಬಿಟ್ಟರೆ ಏನೂ ಇಲ್ಲ. ಒಳಗೆ ಉಪಕರಣ ಒಂದು ಹೇಳುತ್ತದೆ, ಮೈಯ ಪ್ರತಿ ಅಣು ಇನ್ನೊಂದು ಹೇಳುತ್ತದೆ. ಆಗ ಉಪಕರಣವನ್ನು ನಂಬಿ ಕೂರಬೇಕು, ಹೊಟ್ಟೆಯೊಳಗೆ ಏನೇ ಆಗಲಿ. ತನ್ನ ಮೇಲೆ ತನಗೆ ವಿಪರೀತ ನಂಬಿಕೆ ಇರುವವರು ಈ ಜಾಗದಲ್ಲೇ ಜಾಸ್ತಿ ಹೋಗುವುದು. ಪ್ರಪಂಚದ ಎಲ್ಲ ವಾಯುಪಡೆಗಳಲ್ಲೂ ಒಳ್ಳೆಯ ವಿಮಾನ, ಒಳ್ಳೆಯ ಪೈಲಟ್, ಸುಮ್ಮನೆ ಗುಡ್ಡಕ್ಕೆ ಹೋಗಿ ಬಡಿದ ಪ್ರಕರಣಗಳಿವೆ.

ಇಂಧನದ ಬಗ್ಗೆ ಕ್ರೂ ರೂಮುಗಳಲ್ಲಿ ಸವಕಲಾದ ಒಂದು ಮಾತಿದೆ: ಪೈಲಟ್‌ಗೆ ಮೂರು ವಸ್ತು ಯಾವ ಪ್ರಯೋಜನಕ್ಕೂ ಇಲ್ಲ. ತಲೆಯ ಮೇಲಿರುವ ಎತ್ತರ, ಬೆನ್ನ ಹಿಂದೆ ಉಳಿದ ರನ್‌ವೇ, ನೆಲದ ಮೇಲಿನ ಟ್ಯಾಂಕರಿನಲ್ಲಿ ಬಿಟ್ಟುಬಂದ ಇಂಧನ. ಮಿಗ್-21ಕ್ಕೆ ಇಂಧನವೇ ಸಾಲುತ್ತಿರಲಿಲ್ಲ, ಮಾತು ಮುಗಿಯುವುದರೊಳಗೆ ವಾಪಸ್ ಬರಬೇಕಿತ್ತು. ಇಳಿಯುವುದೂ ಗಂಟೆಗೆ 300 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ, ನೆಲ ಮುಟ್ಟಿದ ಮೇಲೆ ಬಾಲದಿಂದ ಪ್ಯಾರಾಚೂಟ್ ಬಿಚ್ಚಿ ನಿಲ್ಲಿಸಬೇಕಿತ್ತು. 1963ರಲ್ಲಿ ಬಂದ ವಿಮಾನ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ನಿವೃತ್ತಿ ಪಡೆಯಿತು. ಅದನ್ನು ಬೈದವರು ತುಂಬ ಜನ, ನಾನಂತೂ ಬೈಯುವುದಿಲ್ಲ. ಅದು ಯಾವುದನ್ನೂ ಮುಚ್ಚಿಡುತ್ತಿರಲಿಲ್ಲ: ಉಡಾಫೆ ಮಾಡಿದರೆ ಅಲ್ಲೇ ಕೆನ್ನೆಗೆ ಕೊಡುತ್ತಿತ್ತು. ಪ್ರತಿ ಹಾರಾಟಕ್ಕೂ ಮೊದಲು "ಇಷ್ಟು ಲೀಟರ್ ಉಳಿದಾಗ ಏನೇ ಆಗಲಿ ವಾಪಸ್" ಎಂದು ಒಂದು ಗುರುತು ಹಾಕಿಕೊಳ್ಳುತ್ತಾರೆ, ಅದಕ್ಕೆ ಬಿಂಗೋ ಎನ್ನುವುದು. ಅಭ್ಯಾಸದ ಕಾಳಗದಲ್ಲಿ ಶತ್ರುವಿನ ಬಾಲ ಇನ್ನೇನು ಸಿಕ್ಕಿತು ಎನ್ನುವಾಗಲೇ ಬಿಂಗೋ ಬರುತ್ತದೆ, ಅದೇನು ಶಾಪವೋ. ಆಗ "ಬಿಂಗೋ" ಎಂದು ರೇಡಿಯೋದಲ್ಲಿ ಹೇಳಿ ತಿರುಗಬೇಕು. ಇನ್ನೊಂದೇ ಸುತ್ತು ಎನ್ನುವವನನ್ನು ಒಳ್ಳೆಯ ಫ್ಲೈಟ್ ಕಮಾಂಡರ್ ಎರಡು ವಾರ ನೆಲದಲ್ಲೇ ಕೂರಿಸುತ್ತಾನೆ.

ನಿಮ್ಮ ಮಗನನ್ನು ಮರುಳು ಮಾಡಿದ ಸೋಗಾನೆಗೇ ಬನ್ನಿ. 2023ರ ಫೆಬ್ರವರಿ 27ರಂದು ಉದ್ಘಾಟನೆ, ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ, ಕುವೆಂಪು ಅವರ ಹೆಸರು, 3.2 ಕಿಲೋಮೀಟರ್ ರನ್‌ವೇ. ಮಿಗ್ ಇಳಿಸುವುದಕ್ಕೂ ಧಾರಾಳ. ಮಲೆನಾಡಿನ ಮಂಜು, ಮೋಡ ಗೊತ್ತಲ್ಲ. ರನ್‌ವೇ ಕಾಣದೆ ವಿಮಾನ ಮೇಲೆ ಸುತ್ತಿ ಬೆಂಗಳೂರಿಗೇ ವಾಪಸ್ ಹೋದ ದಿನ ನಮ್ಮ ಜನ ಆ ಪೈಲಟ್‌ನ ಮೂರು ತಲೆಮಾರು ಜಾಲಾಡುತ್ತಾರೆ. "ಬಸ್ಸಿಗೆ ಬಂದಿದ್ರೆ ಇಷ್ಟು ಹೊತ್ತಿಗೆ ಮನೇಲಿ ಊಟ ಮಾಡ್ತಿದ್ದೆ" ಎನ್ನುತ್ತಾರೆ. ನನಗೆ ಮಾತ್ರ ಅವನನ್ನು ಕರೆದು ಕೊಟ್ಟೆ ಕಡುಬು ಹಾಕಬೇಕು ಅನ್ನಿಸುತ್ತದೆ. ನೂರಾರು ಜನರ ಬೈಗುಳ ಕೇಳಿಸುತ್ತದೆ ಎಂದು ಗೊತ್ತಿದ್ದೂ ಮೂತಿ ತಿರುಗಿಸಿದನಲ್ಲ, ಅದು ಸುಲಭದ ಕೆಲಸವಲ್ಲ. (ಇದೇ ಸಂದರ್ಭದಲ್ಲಿ ಸೋಗಾನೆ ಸುತ್ತಿನವರಿಗೊಂದು ಮಾತು: ವಿಮಾನ ನಿಲ್ದಾಣದ 10 ಕಿಲೋಮೀಟರ್ ಸುತ್ತ ಹಕ್ಕಿ ಕರೆಯುವಂತೆ ಕಸ, ಮಾಂಸದ ತ್ಯಾಜ್ಯ ಸುರಿಯುವುದಕ್ಕೆ ಕಾನೂನಿನಲ್ಲೇ ನಿಷೇಧವಿದೆ. ಎಂಜಿನ್ನಿಗೆ ಹೊಕ್ಕ ಒಂದು ಹದ್ದು ಕ್ಷಿಪಣಿಗಿಂತ ಕಮ್ಮಿಯಲ್ಲ. ಚೀಲ ಎಸೆಯುವ ಮುಂಚೆ ಮೇಲೆ ನೋಡಿ.)

ಎಜೆಕ್ಷನ್ ಸೀಟಿನ ಬಗ್ಗೆ ಎಲ್ಲರಿಗೂ ಕುತೂಹಲ. ನಮ್ಮ ತೇಜಸ್, ಹಾಕ್, ಜಾಗ್ವಾರ್ ವಿಮಾನಗಳಲ್ಲಿರುವುದು ಬ್ರಿಟನ್ನಿನ ಮಾರ್ಟಿನ್-ಬೇಕರ್ ಕಂಪನಿಯ ಸೀಟು. ಆ ಕಂಪನಿಯ ಸೀಟುಗಳು ಜಗತ್ತಿನಾದ್ಯಂತ 7,000ಕ್ಕೂ ಹೆಚ್ಚು ಜೀವ ಉಳಿಸಿವೆ. ಹಾಗೆ ಬದುಕಿದವರಿಗೆಂದೇ 1957ರಿಂದ ಒಂದು ಟೈ ಕ್ಲಬ್ ನಡೆಸುತ್ತಾರೆ, ಸದಸ್ಯರಿಗೆ ಕುತ್ತಿಗೆಗೆ ಕಟ್ಟುವ ಟೈ ಕಳಿಸುತ್ತಾರೆ. ದುಡ್ಡು ಕೊಟ್ಟು ಸೇರುವಂತಿಲ್ಲ, ಪ್ರವೇಶ ಶುಲ್ಕ ನಿಮ್ಮ ಬೆನ್ನುಮೂಳೆ. ಹಿಡಿ ಎಳೆದರೆ ಸೀಟಿನ ಕೆಳಗಿನ ಮದ್ದು, ರಾಕೆಟ್ ನಿಮ್ಮನ್ನು ಹೊರಗೆ ಒದೆಯುತ್ತವೆ. ಬೆನ್ನೆಲುಬು ಒತ್ತಿ ಬಿರುಕು ಬಿಡುವುದು, ಒಂದಿಷ್ಟು ಗಿಡ್ಡವಾಗುವುದು ಸಾಮಾನ್ಯ. ಈಗಿನ ಸೀಟುಗಳು ನೆಲದ ಮೇಲೆ ನಿಂತ ವಿಮಾನದಿಂದಲೂ ಕಾಪಾಡುತ್ತವೆ. ಆದರೂ ಜನ ಸಾಯುವುದೇಕೆ? ಎಳೆಯುವುದು ತಡವಾಗಿ. ಸರಿಮಾಡಬಹುದೇನೋ, ಸರ್ಕಾರದ ವಿಮಾನ, ಕೋರ್ಟ್ ಆಫ್ ಎನ್‌ಕ್ವೈರಿಯಲ್ಲಿ ಏನು ಹೇಳಲಿ ಎಂಬ ಎರಡು ಸೆಕೆಂಡಿನ ಚೌಕಾಸಿ. ಅದಕ್ಕೇ "ಈ ಎತ್ತರಕ್ಕಿಂತ ಕೆಳಗೆ ಹತೋಟಿ ತಪ್ಪಿದರೆ ಎಳೆಯುತ್ತೇನೆ" ಎಂಬುದನ್ನು ಬೆಳಗ್ಗೆ ಚಹಾ ಕುಡಿಯುವಾಗಲೇ ತೀರ್ಮಾನಿಸಿರಬೇಕು. ಕೆಳಗೆ ಊರು ಇದ್ದಾಗ ಲೆಕ್ಕ ಬೇರೆಯಾಗುತ್ತದೆ. ಊರು ದಾಟಿಸಿ ಬಿಡೋಣ ಎಂದು ಕೂತವರಿದ್ದಾರೆ, ಅವರಲ್ಲಿ ಕೆಲವರು ಹೊರಬರಲಿಲ್ಲ. ಅದರಲ್ಲಿ ತಮಾಷೆ ಮಾಡುವಂಥದ್ದು ನನಗೇನೂ ಕಾಣುವುದಿಲ್ಲ.

ಹಾಗಾದರೆ ಧೈರ್ಯ ಬೇಡವೇ ಎಂದು ನೀವು ಕೇಳಬಹುದು. ಬೇಕು. ಕೊಡಗಿನ ಅಜ್ಜಮಾಡ ದೇವಯ್ಯನವರ ಹೆಸರು ನಿಮ್ಮ ಮಗನಿಗೆ ಗೊತ್ತಿರಲಿ. 1965ರ ಸೆಪ್ಟೆಂಬರ್ 7, ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ನಮ್ಮ ಮಿಸ್ಟೀರ್ ವಿಮಾನಗಳ ದಾಳಿ. ದೇವಯ್ಯ ಆವತ್ತು ಪಟ್ಟಿಯಲ್ಲಿ ಸ್ಟ್ಯಾಂಡ್‌ಬೈ. ಬೇರೊಂದು ವಿಮಾನ ಹಿಂದುಳಿದದ್ದರಿಂದ ಆ ಜಾಗಕ್ಕೆ ಹೋದವರು. ಶಬ್ದದ ಎರಡು ಪಟ್ಟು ವೇಗದಲ್ಲಿ ಹೋಗಬಲ್ಲ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನ ಅಡ್ಡ ಬಂತು. ಅವರ ವಿಮಾನಕ್ಕೆ ಪೆಟ್ಟು ಬಿದ್ದಿತ್ತು, ಆದರೂ ತಿರುಗಿ ಬಿದ್ದು ಅದನ್ನು ಹೊಡೆದುರುಳಿಸಿದರು, ತಾವು ಮರಳಲಿಲ್ಲ. ನಡೆದದ್ದೇನೆಂದು ಇಲ್ಲಿಯವರಿಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಎದುರು ಪಕ್ಷದ ಕಡೆಯ ವಿವರ ಹೊರಬಂದಾಗ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಮರಣೋತ್ತರವಾಗಿ. ಅವರು ಹುಡುಗರಿಗೆ ಹಾರಾಟ ಕಲಿಸುತ್ತಿದ್ದ ಇನ್‌ಸ್ಟ್ರಕ್ಟರ್ ಕೂಡ ಆಗಿದ್ದರು. ಚೆಕ್‌ಲಿಸ್ಟ್ ಓದಿಸುವ, ತಪ್ಪು ತಿದ್ದುವ, ಹುಡುಗರನ್ನು ಕಾಯುವ ಬೇಸರದ ಕೆಲಸ ಮಾಡಿದ ಮನುಷ್ಯ. ಅಂಥವರ ಹತ್ತಿರ ಧೈರ್ಯ ಬೇಕಾದ ದಿನಕ್ಕೆಂದು ಉಳಿದಿರುತ್ತದೆ. ರಿಪ್ಪನ್‌ಪೇಟೆ ರಸ್ತೆಯಲ್ಲಿ ಖರ್ಚಾಗಿರುವುದಿಲ್ಲ.

ಮನೆಯ ಬದುಕನ್ನು ಬೇಗ ಹೇಳಿ ಮುಗಿಸುತ್ತೇನೆ. ಎರಡು ಮೂರು ವರ್ಷಕ್ಕೊಂದು ವರ್ಗ. ಗಡಿ ಎಲ್ಲಿದೆಯೋ ಅಲ್ಲಿ ಫೈಟರ್ ನೆಲೆ, ಆದ್ದರಿಂದ ಸೂರತ್‌ಗಢ, ಉತ್ತರಲಾಯಿಯಂಥ ಮರಳಿನ ಊರುಗಳು. ಆಗುಂಬೆಯ ಮಳೆ ನೋಡಿ ಬೆಳೆದವನು ಅಲ್ಲಿ ನಾಲ್ಕು ಹನಿ ಬಿದ್ದರೆ ಹುಚ್ಚನ ಹಾಗೆ ಅಂಗಳಕ್ಕೆ ಓಡುತ್ತಾನೆ. ಕಳಲೆ, ಹಲಸಿನ ಹಪ್ಪಳ ಊರಿನಿಂದ ಪಾರ್ಸೆಲ್ ಬರಬೇಕು. ಸಿನಿಮಾದವರು ತೋರಿಸದ ಸೆಕೆಂಡರಿ ಡ್ಯೂಟಿ ಎಂಬುದೊಂದಿದೆ: ಬೆಳಗ್ಗೆ ಬಾಂಬ್ ಅಭ್ಯಾಸ ಮಾಡಿ ಬಂದವನೇ ಸಂಜೆ ಮೆಸ್ ಕಾರ್ಯದರ್ಶಿಯಾಗಿ, ದಾಲ್ ಯಾಕೆ ನೀರಾಯಿತು ಎಂದು ಇಪ್ಪತ್ತು ಜನರಿಗೆ ಉತ್ತರ ಕೊಡುತ್ತಿರುತ್ತಾನೆ. ಗಡಿ ಬಿಸಿಯಾದಾಗ ರೆಡಿನೆಸ್ ಡ್ಯೂಟಿ, ಅಂದರೆ ಜಿ-ಸೂಟ್ ಹಾಕಿಕೊಂಡೇ ವಿಮಾನದ ಪಕ್ಕದ ಕೋಣೆಯಲ್ಲಿ ಕಾಯುವುದು. ಗಂಟೆ ಹೊಡೆದರೆ ನಿಮಿಷಗಳಲ್ಲಿ ಮೇಲೆ. ಬಹುತೇಕ ದಿನ ಹೊಡೆಯುವುದಿಲ್ಲ. ಕೇರಂ ಆಡಿ, ಹಳೇ ಪತ್ರಿಕೆಯ ಪದಬಂಧ ತುಂಬಿ, ಬೂಟು ಹಾಕಿಕೊಂಡೇ ತೂಕಡಿಸಿ ಎದ್ದು ಬರುವುದು. ಹೆಂಡತಿಯಾಗಿ ಬರುವವಳಿಗೆ ಇವನಿಗಿಂತ ಎರಡು ಪಟ್ಟು ತಾಳ್ಮೆ ಬೇಕು, ಅದಕ್ಕೆ ಯಾವ ಪದಕವೂ ಇಲ್ಲ.

ಹುಡುಗನನ್ನು ಹೇಗೆ ಪರೀಕ್ಷೆ ಮಾಡುವುದು? ಬೈಕ್ ಎಷ್ಟು ಜೋರು ಓಡಿಸುತ್ತಾನೆ ಎಂದು ನೋಡಬೇಡಿ, ಹೊರಡುವ ಮೊದಲು ಟೈರಿಗೆ ಬಗ್ಗಿ ನೋಡುತ್ತಾನೆಯೇ ನೋಡಿ. ಒಂದು ಮಳೆಗಾಲ ತೋಟದ ಪಂಪ್‌ಸೆಟ್ಟಿನ ಜವಾಬ್ದಾರಿ ಕೊಡಿ: ಪ್ರತಿ ಸಲ ಚಾಲೂ ಮಾಡುವ ಮೊದಲು ವೈರು, ವಾಲ್ವು ನೋಡಿ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆಯಲಿ. ನೀವು ಊರಲ್ಲಿಲ್ಲದ ದಿನವೂ ಬರೆದಿದ್ದರೆ, ಬರೆಯದ ದಿನ "ಬರೆಯಲಿಲ್ಲ" ಎಂದು ತಾನೇ ಹೇಳಿದರೆ, ನನ್ನ ಪ್ರಕಾರ ಅರ್ಧ ಪೈಲಟ್ ಆದ. ಮೂರು ತಿಂಗಳದ್ದನ್ನು ಒಂದೇ ರಾತ್ರಿ ಒಂದೇ ಪೆನ್ನಿನಲ್ಲಿ ತುಂಬಿದ್ದರೆ ಇಂಜಿನಿಯರಿಂಗ್ ಕಾಲೇಜುಗಳು ಬೇಕಾದಷ್ಟಿವೆ. ರೆಕಾರ್ಡ್ ಬುಕ್ ಬರೆಯಲು ಅಲ್ಲಿ ಈ ಪ್ರತಿಭೆ ಉಪಯೋಗಕ್ಕೆ ಬರುತ್ತದೆ.

ಇನ್ನು ದಾರಿ. ಎನ್‌ಡಿಎ, ಅಂದರೆ ನ್ಯಾಷನಲ್ ಡಿಫೆನ್ಸ್ ಅಕಾಡೆಮಿಯ ಪರೀಕ್ಷೆಯನ್ನು ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುತ್ತದೆ. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ, ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇರಲೇಬೇಕು. 2022ರಿಂದ ಅಲ್ಲಿ ಹುಡುಗಿಯರಿಗೂ ಪ್ರವೇಶವಿದೆ. ಫೈಟರ್ ವಿಭಾಗಕ್ಕೆ 2016ರಲ್ಲೇ ಮೂವರು ಹೆಣ್ಣುಮಕ್ಕಳು ಬಂದರು, ಆದ್ದರಿಂದ ಮನೆಯಲ್ಲಿ ತಂಗಿ ಇದ್ದರೆ ಅವಳ ಕೈಗೂ ನೋಟ್‌ಬುಕ್ ಕೊಡಿ. ಲಿಖಿತ ಪರೀಕ್ಷೆ ಆದ ಮೇಲೆ ಸೆಲೆಕ್ಷನ್ ಬೋರ್ಡಿನ ಐದು ದಿನ. ಏರ್ ಫೋರ್ಸಿನ ಅಂಥದ್ದೊಂದು ಬೋರ್ಡ್ ಮೈಸೂರಿನಲ್ಲಿದೆ. ಪೈಲಟ್ ಆಗುವವರಿಗೆ ಅಲ್ಲಿ ಕಂಪ್ಯೂಟರಿನಲ್ಲಿ ಒಂದು ಕೌಶಲ ಪರೀಕ್ಷೆ ಇರುತ್ತದೆ, ಅದು ಜೀವಮಾನದಲ್ಲಿ ಒಂದೇ ಸಲ. ಫೇಲಾದರೆ ಮತ್ತೆ ಪೈಲಟ್ ಕೆಲಸಕ್ಕೆ ಬಾಗಿಲು ಮುಚ್ಚಿತು, ಬೇರೆ ಶಾಖೆಗಳು ತೆರೆದಿರುತ್ತವೆ. ಪಾಸಾದರೆ ಪುಣೆ ಹತ್ತಿರದ ಖಡಕ್‌ವಾಸ್ಲಾದ ಎನ್‌ಡಿಎಯಲ್ಲಿ ಮೂರು ವರ್ಷ, ಆಮೇಲೆ ಹೈದರಾಬಾದಿನ ಹತ್ತಿರ ದುಂಡಿಗಲ್‌ನ ಏರ್ ಫೋರ್ಸ್ ಅಕಾಡೆಮಿ. ಅಲ್ಲಿ ಫೈಟರ್, ಟ್ರಾನ್ಸ್‌ಪೋರ್ಟ್, ಹೆಲಿಕಾಪ್ಟರ್ ಎಂದು ಬೇರೆ ಮಾಡುತ್ತಾರೆ. ಫೈಟರ್ ಸಿಕ್ಕವರು ನಮ್ಮ ಬೀದರ್‌ನಲ್ಲಿ ಹಾಕ್ ವಿಮಾನದ ಮೇಲೆ ಕಲಿಯುತ್ತಾರೆ. ಹೆಲಿಕಾಪ್ಟರ್ ಸಿಕ್ಕಿತು ಎಂದು ಅಳುವವರನ್ನು ನಾನು ನೋಡಿದ್ದೇನೆ. ಸಿಯಾಚಿನ್‌ನಲ್ಲಿ ಹೆಲಿಕಾಪ್ಟರ್ ಇಳಿಸುವವರ ಮುಂದೆ ನಾವೆಲ್ಲ ಟೊಪ್ಪಿ ತೆಗೆಯಬೇಕು, ಆದರೆ ಇಪ್ಪತ್ತೊಂದು ವರ್ಷದವನಿಗೆ ಇದನ್ನು ಹೇಳಿ ಪ್ರಯೋಜನವಿಲ್ಲ. ಎನ್‌ಡಿಎ ತಪ್ಪಿದರೆ ಡಿಗ್ರಿ ಮುಗಿಸಿ ಬರೆಯುವ ಎಎಫ್‌ಕ್ಯಾಟ್ ಎಂಬ ಏರ್ ಫೋರ್ಸಿನದೇ ಪ್ರವೇಶ ಪರೀಕ್ಷೆ ಇದೆ, ಇಪ್ಪತ್ತರಿಂದ ಇಪ್ಪತ್ನಾಲ್ಕು ವರ್ಷದವರಿಗೆ.

ಇದೆಲ್ಲಕ್ಕಿಂತ ಮುಂಚೆ, ಕೋಚಿಂಗ್ ಎಂದು ಲಕ್ಷ ಕಟ್ಟುವುದಕ್ಕೂ ಮುಂಚೆ, ಎರಡು ಅಗ್ಗದ ಕೆಲಸ ಮಾಡಿ. ಒಂದು, ಶಿವಮೊಗ್ಗದಲ್ಲಿ ಒಳ್ಳೆಯ ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ ದೃಷ್ಟಿ ಮತ್ತು ಬಣ್ಣ ಗುರುತಿಸುವುದು ಎರಡನ್ನೂ ಪರೀಕ್ಷೆ ಮಾಡಿಸಿ. ಮೊಬೈಲ್ ನೋಡಿ ನೋಡಿ ಸಮೀಪದೃಷ್ಟಿ ಬಂದಿದ್ದರೆ ಈಗಲೇ ಗೊತ್ತಾಗಲಿ. ಎರಡು, ದರ್ಜಿಯ ಟೇಪು ತನ್ನಿ. ಗೋಡೆಗೆ ಬೆನ್ನು ತಾಗಿಸಿ ಕೂರಿಸಿ ಸೊಂಟದಿಂದ ಮಂಡಿಯ ತುದಿಯವರೆಗೆ ಅಳೆಯಿರಿ. ತೊಡೆಯ ಉದ್ದ 64 ಸೆಂಟಿಮೀಟರ್ ಮೀರಬಾರದು, ಏಕೆಂದರೆ ಸೀಟು ಹೊರಗೆ ಹಾರುವಾಗ ಮಂಡಿ ಮುಂದಿನ ಅಂಚಿಗೆ ಬಡಿಯಬಾರದು. ಗೋಡೆಯಿಂದ ಹಿಮ್ಮಡಿಯವರೆಗೆ ಕಾಲು ಚಾಚಿ ಅಳೆದರೆ 99ರಿಂದ 120 ಸೆಂಟಿಮೀಟರ್ ಒಳಗಿರಬೇಕು, ಕಡಿಮೆಯಾದರೆ ವಿಮಾನದ ಬಾಲ ತಿರುಗಿಸುವ ರಡರ್ ಪೆಡಲಿಗೆ ಕಾಲು ಎಟುಕದು. ನಿಮ್ಮ ಹುಡುಗ ಆರಡಿಯ ಮೇಲೆ ಉದ್ದ ಬೆಳೆದವನಾದರೆ ಅಳತೆಯನ್ನು ಎರಡು ಸಲ ತೆಗೆಯಿರಿ, ಮತ್ತು ಟೇಪು ಹಿಡಿಯುವುದು ಅವನ ಅಮ್ಮನ ಕೈಗೆ ಬೇಡ. ಅವರು ಒಂದೆರಡು ಸೆಂಟಿಮೀಟರ್ ಜಾಸ್ತಿಯೇ ಓದುತ್ತಾರೆ.